ಪಾದದ ನಾಡಿ

ಇದು ಕಮಲಾಪುರದ ನಮ್ಮ ಮನೆಯಲ್ಲಿ ಹಾಡಹಗಲೇ ನಡೆದದ್ದು. ನನ್ನ ಎಡಗಾಲಿಗೆ ಒಮ್ಮೆಲೇ ರಕ್ತ ಹರಿಯುವುದು ನಿಂತು, ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ತೊಡೆ ಸೀಳಿ ಹೆಪ್ಪುಗಟ್ಟಿದ ರಕ್ತ ತೆಗೆದಿದ್ದರು. ಕಾಲು ಉಳಿಯಿತು. ಪಾದದ ಮೇಲಿನ ನಾಡಿಯನ್ನು ದಿನಾ ಮುಟ್ಟಿ ನೋಡಬೇಕು, ಸಿಗದಿದ್ದರೆ ಕೂಡಲೇ ಕರೆತರಬೇಕು, ತಡವಾದರೆ ಕಾಲು ಕತ್ತರಿಸಬೇಕಾದೀತು ಎಂದು ಡಾಕ್ಟರು ಅವ್ವನಿಗೆ ಹೇಳಿ ಕಳಿಸಿದ್ದರು.

ದಿನಾ ಪಾದದ ಮೇಲೆ ಬೆರಳಿಟ್ಟು, ಪ್ರತಿ ಬಡಿತಕ್ಕೂ ಅವ್ವ "ಹೂಂ" ಅನ್ನುತ್ತಿದ್ದಳು. ಆ ಮಧ್ಯಾಹ್ನ ತಂಗಿ ಯಶೋಧರಾ ತಮಾಷೆಗೆ ನನ್ನ ಮುಂಗೈ ನಾಡಿ ಹಿಡಿದು ತಾನೂ "ಹೂಂ" ಅನ್ನತೊಡಗಿದಳು. ಇಬ್ಬರದೂ ಕೂಡಿ ಬರಲಿಲ್ಲ. ಅವ್ವನದು ಬಹಳ ನಿಧಾನ.

"ಯವ್ವಾ, ನಿದ್ದಿ ಹೊಡ್ಯಾಕತ್ತೀಯೇನು?" ತಂಗಿ ನಕ್ಕಳು.

"ನೀನೇ ರೈಲು ಬಿಟ್ಟಂಗ ಓಡಾಕತ್ತೀದಿ. ಈ ಕಡಿ ಬಾ, ಕೈ ನಾ ಹಿಡೀತೀನಿ."

ಜಾಗ ಬದಲಿಸಿದರು. ಈಗ ತಂಗಿಯ ಹೂಂ ನಿಧಾನವಾಯಿತು, ಅವ್ವನದು ಬಿರುಸಾಯಿತು. ಯಾರೂ ನಗಲಿಲ್ಲ. ಪಾದ ಬೆಚ್ಚಗಿದೆ ಎಂದು ತಂಗಿ ಹೇಳಿದಳು. ನನಗೆ ಅಲ್ಲಿ ಅವಳ ಬೆರಳಿರುವುದೇ ತಿಳಿಯುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ನನ್ನ ಕೈ ತಣ್ಣಗಾಯಿತು. ಅವ್ವ ಹೂಂ ಅನ್ನುವುದನ್ನು ನಿಲ್ಲಿಸಿ, ಮುಂಗೈಯನ್ನು ಅಲ್ಲಲ್ಲಿ ಒತ್ತಿ ಹುಡುಕಿದಳು. ಆಮೇಲೆ ಕುತ್ತಿಗೆಗೆ ಬೆರಳಿಟ್ಟಳು, ಎದೆಗೆ ಕಿವಿಯಿಟ್ಟಳು.

"ಪ್ರಬುದ್ಧ, ಮಾತಾಡಪ್ಪಾ."

"ಇಲ್ಲೇ ಅದೀನಿ ಅವ್ವಾ" ಅಂದೆ. ನೋವಾಗಲಿ ಭಯವಾಗಲಿ ನನಗೆ ಇರಲಿಲ್ಲ.

ಕಾಲಿನ ಬಳಿ ತಂಗಿ ಕಣ್ಣು ಮುಚ್ಚಿಕೊಂಡು ಇನ್ನೂ ಹೂಂ ಅನ್ನುತ್ತಲೇ ಇದ್ದಳು.