ಮರಳಿ ಬಂದ ಹಳೆಯ ಸಾಲು

ಸಿರುಮುಗೈಯ ಸೀರೆ ವ್ಯಾಪಾರಿ ಚೆನ್ನಕೇಶವನ್ ಪತ್ತೇದಾರ ಮಾರಪ್ಪನ್‌ರ ಮನೆಗೆ ಬಂದಾಗ ಮುಖ ಕೆಂಡವಾಗಿತ್ತು. ದೀಪಾವಳಿಗೆಂದು ಗುಟ್ಟಾಗಿ ಮಾಡಿಸಿದ್ದ ನವಿಲಂಚಿನ ವಿನ್ಯಾಸ ಎದುರಾಳಿಯ ಕೈ ಸೇರಿತ್ತು. ಅದು ಇದ್ದದ್ದು ಅವರಲ್ಲಿ ವಿನ್ಯಾಸ ಬಿಡಿಸುವ ಕಮಲಾತಾಳ್‌ಳ ಕಂಪ್ಯೂಟರಿನಲ್ಲಿ ಮಾತ್ರ. ಅವಳನ್ನು ಪೊಲೀಸರಿಗೆ ಒಪ್ಪಿಸಬೇಕು, ಆದರೆ ನಮ್ಮವರ ಮನೆ ಹುಡುಗಿ, ಮನಸ್ಸು ಒಪ್ಪುತ್ತಿಲ್ಲ ಎಂದರು.

ಮಾರಪ್ಪನ್‌ರ ಗೆಳೆಯ ತಂಗವೇಲು ಆಗಲೇ ಚಪ್ಪಲಿ ಮೆಟ್ಟಿದ್ದ. ಕಂಪ್ಯೂಟರ್ ಎಂಬುದನ್ನು ಅವನು ಹತ್ತಿರದಿಂದ ಕಂಡವನೇ ಅಲ್ಲ.

ಮೂವರೂ ಚೆನ್ನಕೇಶವನ್‌ರ ಅಂಗಡಿಯ ವಿನ್ಯಾಸದ ಕೋಣೆಗೆ ಹೋದರು. ಕಮಲಾತಾಳ್‌ಳ ಕಂಪ್ಯೂಟರ್ ಪರದೆಯ ಮೇಲ್ತುದಿಯಲ್ಲಿ ಪುಟ್ಟ ಚಿತ್ರಗಳ ಸಾಲು. ಒಂದನ್ನು ಒತ್ತಿದರೆ ಬಣ್ಣ, ಇನ್ನೊಂದನ್ನು ಒತ್ತಿದರೆ ವಿನ್ಯಾಸದ ನಕಲು. ಆ ಪ್ರೋಗ್ರಾಂ ಬರೆದ ಮೈಲ್‌ಸಾಮಿ, ಸಾಲನ್ನು ಅವರವರಿಗೆ ಬೇಕಾದಂತೆ ಜೋಡಿಸಿಕೊಳ್ಳಲು ಬಿಟ್ಟಿದ್ದ. ಗೊಂದಲವಾದವರಿಗೆ ಹಳೆಯ ಸಾಲನ್ನೇ ಮರಳಿ ತರುವ ‘ಮೊದಲಿನಂತೆ’ ಎಂಬ ಗುಂಡಿಯನ್ನೂ ಇಟ್ಟಿದ್ದ.

ಕಮಲಾತಾಳ್ ಅತ್ತು ಕಣ್ಣು ಕೆಂಪಾಗಿಸಿಕೊಂಡಿದ್ದಳು. ಕಳವು ನಡೆದ ದಿನ ಬೆಳಿಗ್ಗೆ ಕೈತಪ್ಪಿ ಒತ್ತಿಬಿಟ್ಟೇನೆಂದು ನಕಲಿನ ಚಿತ್ರವನ್ನೇ ಸಾಲಿನಿಂದ ತೆಗೆದಿದ್ದಳಂತೆ. ಊಟ ಮುಗಿಸಿ ಬಂದರೆ ಅವಳ ಜೋಡಣೆಯೆಲ್ಲ ಮಾಯ, ಹಳೆಯ ಸಾಲೇ ಮರಳಿತ್ತು. ಕರೆಂಟು ಹೋಗಿದ್ದರಿಂದ ಹೀಗಾಯಿತೆಂದುಕೊಂಡು, ಚಿತ್ರ ತೆಗೆದದ್ದನ್ನಾಗಲಿ ಸಾಲು ಮರಳಿದ್ದನ್ನಾಗಲಿ ಯಾರಿಗೂ ಹೇಳಿರಲಿಲ್ಲ. ಕರೆಂಟು ಹೋದರೆ ಜೋಡಣೆ ಅಳಿಯುವುದಿಲ್ಲವೆಂದು ಮೈಲ್‌ಸಾಮಿ ಖಚಿತವಾಗಿ ಹೇಳಿದ.

ಊಟದ ಹೊತ್ತಿನಲ್ಲಿ ಕೋಣೆಯ ಬಳಿ ಇದ್ದವರು ಇಬ್ಬರು. ಕಮಲಾತಾಳ್ ಬಳಿಯೇ ಕೆಲಸ ಕಲಿತ ರಾಜೇಂದ್ರನ್, ಮತ್ತೆ ಮ್ಯಾನೇಜರ್ ದೊರೈಸಾಮಿ. ದೊರೈಸಾಮಿ ತನ್ನ ಕಂಪ್ಯೂಟರಿನ ಸಾಲಿನಲ್ಲಿ ಎಂದೂ ಒಂದು ಚಿತ್ರವನ್ನೂ ಕದಲಿಸಿದವನಲ್ಲ.

ಮಾರಪ್ಪನ್ ಎಲ್ಲರನ್ನೂ ಕೂರಿಸಿಕೊಂಡರು. ಕಳ್ಳನಿಗೆ ಕಮಲಾತಾಳ್‌ಳ ಸಾಲಿನ ಎರಡನೇ ಚಿತ್ರ ಒತ್ತಿದರೆ ಸಾಕಿತ್ತು, ನಕಲು ಸಿದ್ಧ, ಎಂದರು. ಅದು ಸುಳ್ಳೆಂದು ತಂಗವೇಲುವಿಗೆ ಗೊತ್ತಿತ್ತು.

“ಅದು ಹೆಂಗಾಗುತ್ತೆ ಸಾರ್?” ಎಂದ ದೊರೈಸಾಮಿ. “ಅವಳು ನಕಲಿನ ಚಿತ್ರವನ್ನೇ ತೆಗೆದುಹಾಕಿದ್ದಳಲ್ಲ. ಬೇರೆಯವರಿಗೆ ಸಿಗೋದೇ ಇಲ್ಲ. ಅವಳೇ ಮಾಡಿರಬೇಕು.”



“ಬೆಳಿಗ್ಗೆ ತೆಗೆದ ಚಿತ್ರ ಮಧ್ಯಾಹ್ನಕ್ಕೆ ವಾಪಸ್ ಬಂದಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ನಡುವೆ ಅದು ಇರಲಿಲ್ಲ ಅಂತ ನಿಮಗೆ ಹೇಗೆ ಗೊತ್ತು ದೊರೈಸಾಮಿ?” ಎಂದರು ಮಾರಪ್ಪನ್.



ಮಾರಪ್ಪನ್ ಬಿಡಿಸಿ ಹೇಳಿದರು. ಕಮಲಾತಾಳ್ ಕದಿಯುವುದಾದರೆ ತನ್ನ ಜೋಡಣೆಯನ್ನು ತಾನೇ ಕೆಡಿಸುತ್ತಿರಲಿಲ್ಲ. ರಾಜೇಂದ್ರನ್‌ಗೆ ಅವಳೇ ಕಲಿಸಿದ್ದಳು, ಬೇಕಾದ ಒಂದೇ ಚಿತ್ರವನ್ನು ಹೇಗೆ ತರಬೇಕೆಂದು ಅವನಿಗೆ ಗೊತ್ತು. ಹಳೆಯ ಸಾಲು ಬಿಟ್ಟರೆ ಬೇರೇನೂ ಗೊತ್ತಿಲ್ಲದವನು ಮಾತ್ರ ಇಡೀ ಸಾಲನ್ನೇ ಮೊದಲಿನಂತೆ ಮಾಡುತ್ತಾನೆ.

ದೊರೈಸಾಮಿ ತಲೆ ತಗ್ಗಿಸಿದ. ಎದುರಾಳಿ ತನ್ನನ್ನು ಪಾಲುದಾರನಾಗಿ ಮಾಡಿಕೊಳ್ಳುವೆನೆಂದಿದ್ದ ಎಂದು ಒಪ್ಪಿಕೊಂಡ.

ಚೆನ್ನಕೇಶವನ್ ಸಿಟ್ಟಿನಲ್ಲಿ, ಇನ್ನು ಮುಂದೆ ಯಾರೂ ಸಾಲು ಬದಲಿಸಕೂಡದೆಂದರು. ಕಮಲಾತಾಳ್ ಎದ್ದು ನಿಂತಳು.

“ಬ್ಯಾಡ ಅಣ್ಣಾ. ಹೊಸಬರಿಗೆ ಹಳೇ ಸಾಲೇ ಇರಲಿ, ಇಲ್ದಿದ್ರೆ ದಿಕ್ಕು ತಪ್ತಾರೆ. ಆದ್ರೆ ನನ್ನ ಕೈ ಪಳಗಿದ್ದು ನನ್ನ ಸಾಲಿಗೆ. ಅದಕ್ಕೆ ನನ್ನ ಹೆಸರಿನ ಬೀಗ ಹಾಕಿಸಿಕೊಡಿ.”

ಆಗುತ್ತದೆಂದು ಮೈಲ್‌ಸಾಮಿ ತಲೆಯಾಡಿಸಿದ. ಚೆನ್ನಕೇಶವನ್ ಅವಳತ್ತ ತಿರುಗಿ, “ತಪ್ಪಾಯ್ತು ಅಮ್ಮಣಿ” ಎಂದರು.

ಅವಳು ಕುರ್ಚಿಯೆಳೆದು ಕೂತು, ತನ್ನ ಚಿತ್ರಗಳನ್ನು ಒಂದೊಂದಾಗಿ ಮತ್ತೆ ಜೋಡಿಸತೊಡಗಿದಳು.