ಟಾರಿನ ಮೇಲಿನ ಬಿಳಿ ಚುಕ್ಕೆಗಳು

ಬಕೆಟ್ಟಿನಲ್ಲಿ ಇನ್ನೂ ಮೂರು ಬಟ್ಟೆ ಉಳಿದಿದ್ದವು: ಅಪ್ಪನ ಅಂಗಿ, ಒಂದು ಟವೆಲು, ಅವಳದೇ ಯೂನಿಫಾರ್ಮಿನ ಲಂಗ. ಬಟ್ಟೆ ಒಣಹಾಕುವ ತಂತಿ ಇದ್ದದ್ದು ತಾರಸಿಯ ಆ ತುದಿಯಲ್ಲಿ. ಅವಳು ನಿಂತಿದ್ದದ್ದು ಈ ತುದಿಯಲ್ಲಿ, ಮೆಟ್ಟಿಲ ಬಾಗಿಲ ನೆರಳಿನಲ್ಲಿ, ಬರಿಗಾಲಲ್ಲಿ.

ನಡುವೆ ಟಾರು. ತಾರಸಿಯ ತುಂಬ ಕಪ್ಪಗೆ ಬಳಿದ ಟಾರು, ಹನ್ನೊಂದು ಗಂಟೆಯ ಬಿಸಿಲಿಗೆ ಕಾವಲಿಯ ಹಾಗೆ ಕಾದಿತ್ತು. ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಮೆತ್ತಗಾದ ಟಾರು ಚಪ್ಪಲಿಗೆ ಅಂಟಿಕೊಂಡು ಒಳಗೆ ಬಂದರೆ ನೆಲವೆಲ್ಲ ಹಾಳು. ಅದು ಅಮ್ಮನ ಕಾಯಿದೆ. ಅಮ್ಮ ಎರಡು ತಿಂಗಳಿಂದ ಮನೆಯಲ್ಲಿಲ್ಲ, ಅವಳ ಕಾಯಿದೆ ಮಾತ್ರ ಮನೆಯಲ್ಲೇ ಇತ್ತು.

ಟಾರಿನ ನಡುನಡುವೆ ಬಿಳಿ ಚುಕ್ಕೆಗಳಿದ್ದವು. ಕೆಲವು ಊಟದ ತಟ್ಟೆಯಷ್ಟು, ಕೆಲವು ಅಂಗೈಯಷ್ಟು. ಅಪ್ಪ ಮನೆಗಳಿಗೆ ಸುಣ್ಣಬಣ್ಣ ಬಳಿಯುವವನು. ಸಂಜೆ ಬಂದು ಡಬ್ಬಿ ತೊಳೆದು ಚೆಲ್ಲಿದ ಗುರುತು ಅವು. ಒಂದರಿಂದ ಇನ್ನೊಂದಕ್ಕೆ ನೆಗೆಯುತ್ತ ಹೋದರೆ ಏಳನೇ ನೆಗೆತಕ್ಕೆ ತಂತಿ ಕೈಗೆ ಸಿಗುತ್ತಿತ್ತು. ಚುಕ್ಕೆಗಳು ಕಾಲಿಗೆ ತರಿತರಿ ಎನ್ನುತ್ತಿದ್ದವು, ಆದರೆ ಸುಡುತ್ತಿರಲಿಲ್ಲ. ಹೀಗೆ ನೆಗೆಯುವುದನ್ನು ನೋಡಿಯೇ ಅಪ್ಪ ಅವಳನ್ನು ‘ಮಿಡತೆ’ ಎಂದು ಕರೆಯಲು ಶುರುಮಾಡಿದ್ದು. ಈಗ ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು.

“ಮಿಡತೇ! ಮೇಲೇನು ಡ್ಯಾನ್ಸ್ ಮಾಡ್ತಿದ್ದೀಯೇ?” ಕೆಳಗಿನ ಮನೆಯ ಟೈಲರಜ್ಜಿ ಅಂಗಳದಿಂದ ಕೂಗಿದರು. “ಊಟ ಆದ್ಮೇಲೆ ನಮ್ಮನೇಲಿ ಬಂದು ಮಲಗೇ. ಇಲ್ಲಿ ತಂಪಾಗಿದೆ.”

“ಬೇಡ ಅಜ್ಜಿ. ನಾನು ನಮ್ಮನೇಲೇ ಮಲಗಬೇಕು.”

“ಅದೇನು ಹಟಾನೋ! ಬೆಂದು ಬದನೇಕಾಯಿ ಆಗ್ತೀಯ ನೋಡು.”

ಮಿಡತೆಗೆ ನಗು ಬಂತು. ಆದರೆ ಹಟಕ್ಕೆ ಕಾರಣವನ್ನು ಅವಳು ಅಜ್ಜಿಗೆ ಹೇಳಿರಲಿಲ್ಲ.

ಕಾರಣ ಹೇಳಬೇಕೆಂದರೆ ಹಿಂದಿನ ಮಳೆಗಾಲಕ್ಕೆ ಹೋಗಬೇಕು. ಆಗ ಅವಳ ತಮ್ಮ ಗುಂಡ ಹುಟ್ಟಿ ತಿಂಗಳಾಗಿತ್ತಷ್ಟೆ. ಅವರದು ಮೇಲಿನ ಮಹಡಿಯ ಒಂದೇ ಕೋಣೆ. ಚಾವಣಿ ಸೋರುತ್ತಿತ್ತು. ಅದೂ ಎಲ್ಲಿ? ನೀರು ಹುಡುಕಿಕೊಂಡು ಬಂದಂತೆ ಸರಿಯಾಗಿ ತೊಟ್ಟಿಲ ಮೇಲೆ! ಮಳೆ ಬಿಟ್ಟ ಎರಡು ದಿನದಲ್ಲಿ ಅಪ್ಪ ಟಾರು ಕಾಯಿಸಿ ತಾರಸಿಗೆಲ್ಲ ತಾನೇ ಬಳಿದ. ಕೈಗೆ ಬೊಬ್ಬೆ ಬಂದವು. ಆಮೇಲೆ ಒಂದು ತೊಟ್ಟೂ ಬೀಳಲಿಲ್ಲ. “ನನ್ನ ಮಗನ ಮೇಲೆ ಇನ್ನು ಮೋಡವೇ ಒಡೆದು ಬಿದ್ರೂ ಹನಿ ಇಳಿಯಲ್ಲ” ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಬೇಸಿಗೆ ಬಂತು. ಕೋಣೆ ಒಲೆಯಾಯಿತು. ಫ್ಯಾನು ಹಾಕಿದರೆ ಅದು ಬಿಸಿ ಗಾಳಿಯನ್ನೇ ಕೆಳಕ್ಕೆ ತಳ್ಳುತ್ತಿತ್ತು. ಗುಂಡನ ಕುತ್ತಿಗೆ, ಬೆನ್ನಿನ ತುಂಬ ಬೆವರುಸಾಲೆ ಎದ್ದಿತು. ಅತ್ತು ಅತ್ತು ಹಾಲು ಕುಡಿಯುವುದನ್ನೂ ಬಿಟ್ಟ. “ಮಗು ಈ ಕೋಣೆಯಲ್ಲಿರೋದು ಬೇಡ” ಎಂದರು ಡಾಕ್ಟರು. ಅಮ್ಮ ಅವನನ್ನು ಎತ್ತಿಕೊಂಡು ದೊಡ್ಡಮ್ಮನ ಮನೆಗೆ ಹೊರಟಳು. ಅದು ಒಂದು ಹಗಲಿನ ಬಸ್ಸಿನ ದಾರಿ. ಮಿಡತೆಗೆ ಶಾಲೆ ಇತ್ತು, ಅಪ್ಪನಿಗೆ ಕೆಲಸ ಇತ್ತು.

ಹೊರಡುವ ಮುಂಚೆ ಅಮ್ಮ ಅವಳ ಕೈಗೆ ಒಂದು ಕವರು ಕೊಟ್ಟಳು. ವಿಳಾಸ ಬರೆದು ಸ್ಟಾಂಪೂ ಅಂಟಿಸಿದ ಕವರು.

“ಮಧ್ಯಾಹ್ನ ಮೂರು ಗಂಟೆಗೆ ಗುಂಡ ಮಲಗೋ ಜಾಗದಲ್ಲಿ ನೀನು ಮಲಗಿ ನೋಡು. ಯಾವತ್ತು ನಿನಗಲ್ಲಿ ನಿದ್ದೆ ಬರುತ್ತೋ ಅವತ್ತು ಕಾಗದ ಹಾಕು. ಅದು ಕೈಗೆ ಬಂದ ಮಾರನೇ ದಿನದ ಬಸ್ಸಿಗೇ ಹೊರಡ್ತೀನಿ.”

“ಫೋನಲ್ಲಿ ಹೇಳಿದ್ರೆ ಆಗಲ್ವಾ?”

“ಫೋನಲ್ಲಿ ನಿಮ್ಮಪ್ಪ ಇರ್ತಾರಲ್ಲ. ಮನೆ ಹೊತ್ತಿ ಉರೀತಿದ್ರೂ ‘ಎಲ್ಲಾ ಚೆನ್ನಾಗಿದೆ’ ಅಂತಾರೆ. ನೀನು ಬರಿ. ನಿನ್ನ ಕಾಗದ ನಂಬ್ತೀನಿ.”

ಕಾಗದ ಆ ವಾರವೇ ಸಿದ್ಧವಾಗಿತ್ತು. ‘ಅಮ್ಮ, ಇವತ್ತು ನಂಗೆ ನಿದ್ದೆ ಬಂತು. ನೀನೂ ಗುಂಡಾನೂ ಬೇಗ ಬನ್ನಿ.’ ನಿದ್ದೆ ಬಂದಿರಲಿಲ್ಲ. ಅವಳು ಮೂರು ಸಲ ಅದನ್ನು ಬೀದಿ ತುದಿಯ ಅಂಚೆ ಡಬ್ಬಿಯವರೆಗೆ ಒಯ್ದಳು. ಮೂರು ಸಲವೂ ಗುಂಡನ ಕೆಂಪು ಕುತ್ತಿಗೆ ನೆನಪಾಗಿ ಹಿಂದೆ ತಂದಳು. ಈಗ ಅದು ಗಣಿತದ ಪುಸ್ತಕದೊಳಗೆ ಚಪ್ಪಟೆಯಾಗಿ ಕೂತಿತ್ತು.

ಬಟ್ಟೆ ಒಣಹಾಕಿದ ಆ ರಜೆಯ ದಿನ ರಾತ್ರಿ ಊಟದ ಹೊತ್ತಿಗೆ ಅಮ್ಮನ ಫೋನು ಬಂತು.

“ಗುಂಡ ಗೋಡೆ ಹಿಡ್ಕೊಂಡು ನಿಂತ್ಕೋತಾನೆ ಕಣೇ! ಇವತ್ತು ಎರಡು ಸಲ ಕೈ ಬಿಟ್ಟ.”

“ನಡೆದ್ನಾ?” ಮಿಡತೆ ಕೂತಲ್ಲಿಂದ ಎದ್ದುಬಿಟ್ಟಳು.

“ಇಲ್ಲ, ದೊಪ್ಪಂತ ಕೂತ. ತಗೋ, ಅವನ ಕಿವಿಗೆ ಇಡ್ತೀನಿ, ಮಾತಾಡು.”

“ಗುಂಡಾ, ಏ ಗುಂಡಾ! ನಾನು ಕಣೋ, ಅಕ್ಕ!”

ಆ ಕಡೆಯಿಂದ ಬುಸುಬುಸು ಉಸಿರು ಮಾತ್ರ ಕೇಳಿಸಿತು. ಆಮೇಲೆ ಅಮ್ಮನ ನಗು. “ಫೋನಿನ ಹಿಂದೆ ಬಗ್ಗಿ ನೋಡ್ತಿದಾನೆ ಕಣೇ, ನೀನು ಅಲ್ಲಿ ಬಚ್ಚಿಟ್ಕೊಂಡಿದೀಯ ಅಂತ.”

ಅಪ್ಪ ಫೋನು ಇಸಿದುಕೊಂಡ. “ಹ್ಞೂಂ, ಹ್ಞೂಂ. ಎಲ್ಲಾ ಚೆನ್ನಾಗಿದೆ” ಎಂದ. ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿಯುತ್ತಿತ್ತು.

ಗುಂಡ ಅಲ್ಲೇ ನಡೆಯಲು ಕಲಿತುಬಿಡುತ್ತಾನೆ. ಇಲ್ಲಿಗೆ ಬರುವ ಹೊತ್ತಿಗೆ ಓಡುತ್ತಲೂ ಇರುತ್ತಾನೆ. ಅವಳಿಗೆ ಊಟ ಸೇರಲಿಲ್ಲ.

ಬೇಸಿಗೆಯೆಂದು ಶಾಲೆ ಈಗ ಅರ್ಧ ದಿನವೇ. ಮಾರನೇ ದಿನ ಮೂರು ಗಂಟೆಗೆ ಅವಳು ಗುಂಡನ ಜಾಗದಲ್ಲಿ, ಬರಿ ನೆಲದ ಮೇಲೆ ಮಲಗಿದಳು. ಬೆನ್ನಿಗೆ ನೆಲ ಅಷ್ಟೇನೂ ಬಿಸಿ ಇರಲಿಲ್ಲ. ಆದರೆ ಮುಖ ಉರಿಯುತ್ತಿತ್ತು. ಬೋರಲು ಮಲಗಿದಳು. ಈಗ ಹೊಟ್ಟೆಗೆ ಹಾಯೆನಿಸಿತು, ಬೆನ್ನು ಉರಿಯತೊಡಗಿತು. ಮಗ್ಗುಲಾದಳು. ಮೇಲಿನ ಕಿವಿ ಬಿಸಿ, ಕೆಳಗಿನ ಕಿವಿ ತಣ್ಣಗೆ.

ತಟಕ್ಕನೆ ಎದ್ದು ಕೂತು ಚಾವಣಿ ನೋಡಿದಳು.

ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಅವಳು. ಅಮ್ಮ ಇದ್ದಿದ್ದರೆ ಎರಡು ಬಿಡುತ್ತಿದ್ದಳು. ತುದಿಗಾಲಲ್ಲಿ ನಿಂತು ಚಾವಣಿಗೆ ಅಂಗೈ ತಾಗಿಸಿ, ‘ಹಾ’ ಎಂದು ಹಿಂದಕ್ಕೆಳೆದುಕೊಂಡಳು. ಇದರ ಮೇಲಿರುವುದು ಟಾರು. ಟಾರು ಕಾಲು ಸುಡುತ್ತದೆ. ಬಿಳಿ ಚುಕ್ಕೆ ಸುಡುವುದಿಲ್ಲ. ತಾರಸಿ ಪೂರ್ತಿ ಒಂದೇ ಬಿಳಿ ಚುಕ್ಕೆಯಾಗಿಬಿಟ್ಟರೆ?

ಖುಷಿಗೆ ಸ್ಟೂಲು ಅಲುಗಾಡಿತು. ಮರುಗಳಿಗೆಯೇ ಅವಳು ಮೆಲ್ಲಗೆ ಇಳಿದು ಕೂತಳು. ಟಾರು ಬಳಿದದ್ದು ಅಪ್ಪ. ಬೊಬ್ಬೆ ಬಂದ ಕೈಯಲ್ಲಿ, ಗುಂಡನಿಗೋಸ್ಕರ. ‘ಅದರಿಂದಲೇ ಗುಂಡ ಮನೆ ಬಿಟ್ಟು ಹೋದದ್ದು’ ಎಂದು ಅಪ್ಪನಿಗೆ ಯಾವ ಬಾಯಲ್ಲಿ ಹೇಳುವುದು?

ಅವಳು ಹೇಳಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ಗಂಟಲವರೆಗೆ ಬಂದ ಮಾತನ್ನು ನೀರು ಕುಡಿದು ಕೆಳಗಿಳಿಸಿದಳು. ಭಾನುವಾರ ಮಧ್ಯಾಹ್ನ ಅಪ್ಪ ಬ್ರಷ್ ಒಣಗಿಸಲು ಮೇಲೆ ಹೊರಟಾಗ ಹಿಂದೆಯೇ ಹೋದಳು. ಅವನ ಹಳೇ ಬೂಟು ತಾರಸಿಯ ಬಾಗಿಲಲ್ಲೇ ಇರುತ್ತಿತ್ತು. ಅದಕ್ಕೆ ಆಗಲೇ ಟಾರು ಮೆತ್ತಿದ್ದರಿಂದ ಅಮ್ಮನ ಕಾಯಿದೆ ಅದಕ್ಕಿರಲಿಲ್ಲ.

“ಅಪ್ಪಾ, ಬೂಟು ಬೇಡ. ಬರಿಗಾಲಲ್ಲಿ ಬಾ.”

“ಯಾಕೆ? ಕಾಲು ಸುಟ್ಕೊಳ್ಳಕ್ಕಾ?”

“ಒಂದೇ ಒಂದು ಸಲ. ಬಾಪ್ಪಾ.”

ಅಪ್ಪ ನಗುತ್ತ ಟಾರಿನ ಮೇಲೆ ಕಾಲಿಟ್ಟ. “ಅಯ್ಯಯ್ಯೋ!” ಎಂದು ಕುಣಿದ.

“ಈ ಬಿಳಿ ಚುಕ್ಕೆ ಮೇಲೆ ನಿಂತ್ಕೋ.”

ಅಪ್ಪ ನಿಂತ. ನಿಂತೇ ಇದ್ದ. ಒಂದು ಕಾಲನ್ನು ಟಾರಿಗೆ ತಾಗಿಸಿದ, ತೆಗೆದ. ಮತ್ತೆ ತಾಗಿಸಿದ. ಅವನ ಮುಖದ ನಗು ಸ್ವಲ್ಪ ಸ್ವಲ್ಪವೇ ಇಳಿಯಿತು. ಇಷ್ಟು ದಿನ ಬೂಟು ಹಾಕಿಕೊಂಡೇ ಓಡಾಡಿದವನಿಗೆ ತಾನು ಬಳಿದದ್ದು ಇಷ್ಟು ಸುಡುತ್ತದೆಂದು ಗೊತ್ತೇ ಇರಲಿಲ್ಲ.

“ಕೆಳಗೆ ಚಾವಣೀನೂ ಹೀಗೇ ಸುಡ್ತಿದೆಯಾ?” ಮೆಲ್ಲಗೆ ಕೇಳಿದ.

ಮಿಡತೆ ತಲೆಯಾಡಿಸಿದಳು.

“ಮಳೆ ಮಾತ್ರ ನೋಡಿದೆ ನಾನು” ಎಂದ ಅಪ್ಪ. “ಬಿಸಿಲು ನೋಡಲೇ ಇಲ್ಲ.”

ಸಂಜೆ ಮನೆ ಮಾಲೀಕರಿಗೆ ಫೋನು ಮಾಡಿದ. “ಸೋರದಿದ್ರೆ ಸಾಕು, ಯಾವ ಬಣ್ಣ ಬೇಕಾದ್ರೂ ಬಳ್ಕೊಳ್ಳಪ್ಪಾ” ಎಂದರು ಅವರು. ಅಪ್ಪ ಸುಣ್ಣ ನೆನೆಹಾಕಿ, ಸೋಸಿ, ಅಂಟು ಬೆರೆಸಿದ. ಮಾರನೇ ದಿನ ಸಂಜೆ ಇಬ್ಬರೂ ಸೇರಿ ತಾರಸಿಯನ್ನೆಲ್ಲ ಬಿಳಿ ಮಾಡಿದರು. ಮಿಡತೆಯ ಮೂಗೂ ಬಿಳಿಯಾಯಿತು.

ಎರಡೇ ಬಿಸಿಲಿಗೆ ಸುಣ್ಣ ಹಾವಿನ ಪೊರೆಯ ಹಾಗೆ ಎದ್ದಿತು. ಗಾಳಿಗೆ ಚೂರುಚೂರಾಗಿ ಹಾರಿ ಟೈಲರಜ್ಜಿಯ ಅಂಗಳಕ್ಕೆ ಬಿತ್ತು. “ನನ್ನ ತಲೆ ಈಗಾಗಲೇ ಬೆಳ್ಳಗಿದೆ ಕಣಪ್ಪಾ, ಮತ್ತೆ ಯಾಕೆ ಬಣ್ಣ?” ಎಂದು ಅಜ್ಜಿ ಕೆಳಗಿಂದ ಕೂಗಿದರು.

ಅಪ್ಪ ನಗಲಿಲ್ಲ. “ಟಾರಿನ ಮೇಲೆ ಸುಣ್ಣ ನಿಲ್ಲಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಗೊತ್ತಿತ್ತು ನಂಗೆ. ಆದ್ರೂ ಒಂದು ಆಸೆ.” ತಾರಸಿಯ ಬಾಗಿಲಲ್ಲಿ ಅವಳ ಪಕ್ಕ ಕೂತು ಬ್ರಷ್ಷಿನ ಕೂದಲು ಎಣಿಸುವವನಂತೆ ತಲೆ ತಗ್ಗಿಸಿದ. “ಟಾರು ಕಿತ್ತು ಹಾಕಿದ್ರೆ ಮಳೆಗಾಲದಲ್ಲಿ ಮತ್ತೆ ತೊಟ್ಟಿಲ ಮೇಲೆ ನೀರು.”

ಅಪ್ಪನಿಗೂ ಗುಂಡ ಬೇಕು, ತನ್ನಷ್ಟೇ ಬೇಕು ಎಂದು ಮಿಡತೆಗೆ ಅನಿಸಿದ್ದು ಆಗ. ಅವನು ಎಲ್ಲಾ ಚೆನ್ನಾಗಿದೆ ಎನ್ನುತ್ತಿದ್ದುದರಿಂದ ಅವಳಿಗೆ ಇಷ್ಟು ದಿನ ಅದು ಕಂಡಿರಲಿಲ್ಲ.

ಅವಳು ಎದ್ದು ತಂತಿಯ ಕಡೆಗೆ ನೆಗೆದಳು. ಒಂದು, ಎರಡು, ಮೂರು. ಕಾಲಿಗೆ ಅದೇ ತರಿತರಿ.

“ಅಪ್ಪಾ! ಹಳೇ ಚುಕ್ಕೆಗಳು ಯಾಕೆ ಎದ್ದಿಲ್ಲ? ಅವೂ ಸುಣ್ಣ ತಾನೆ?”

ಅಪ್ಪ ತಲೆ ಎತ್ತಿದ. ಬಂದು ಬಗ್ಗಿ ಉಗುರಿನಿಂದ ಕೆರೆದ. ಬಿಳಿಯ ಕೆಳಗೆ ಮರಳು ಕಂಡಿತು.

“ಟಾರು ಬಳಿದ ದಿನ ಮರಳಿನ ಚೀಲ ಹರಿದು ಇಲ್ಲೆಲ್ಲ ಅಲ್ಲಲ್ಲಿ ಚೆಲ್ಲಿತ್ತು ಕಣೇ” ಎಂದ. “ಬಿಸಿ ಟಾರಿಗೆ ಮರಳು ಕಚ್ಕೊಂಡಿದೆ. ಮರಳನ್ನ ಸುಣ್ಣ ಕಚ್ಕೊಂಡಿದೆ!” ಆಮೇಲೆ ಹಣೆ ಹಣೆ ಬಡಿದುಕೊಂಡು ಜೋರಾಗಿ ನಕ್ಕ. “ಇಪ್ಪತ್ತು ವರ್ಷದ ಮೇಸ್ತ್ರಿಗೆ ಮಿಡತೆ ಪಾಠ ಹೇಳ್ತು ನೋಡು!”

ಟಾರು ಮೆತ್ತಗಾಗಬೇಕಾದರೆ ಬಿಸಿಲು ಬೇಕು. ಹಾಗಾಗಿ ಮುಂದಿನ ಭಾನುವಾರ ನಡುಮಧ್ಯಾಹ್ನವೇ ಕೆಲಸ. ಎದ್ದ ಸುಣ್ಣವನ್ನೆಲ್ಲ ಗುಡಿಸಿ ತೆಗೆದರು. ಟೈಲರಜ್ಜಿಯ ಜರಡಿಯಲ್ಲಿ ಮರಳು ಜರಡಿ ಹಿಡಿದರು. ಅಪ್ಪ ಬೂಟು ಹಾಕಿಕೊಂಡು ಮರಳು ಎರಚುತ್ತ ಹೋದ, ಹಿಂದೆಯೇ ನೀರು ತುಂಬಿದ ಡ್ರಮ್ಮನ್ನು ಉರುಳಿಸಿ ಒತ್ತಿದ. ಮಿಡತೆ ಬಾಗಿಲ ನೆರಳಿನಲ್ಲಿ ನಿಂತು “ಅಲ್ಲಿ ಬಿಟ್ಟೋಯ್ತು, ಇಲ್ಲಿ ಬಿಟ್ಟೋಯ್ತು” ಎಂದು ಮೇಸ್ತ್ರಿಕೆ ಮಾಡಿದಳು. ಮೂರು ಸಂಜೆ ಮೂರು ಕೋಟು ಸುಣ್ಣ. ಈ ಸಲ ಎರಡು ದಿನ ಕಾದರು, ನಾಲ್ಕು ದಿನ ಕಾದರು. ಒಂದು ಚೂರೂ ಏಳಲಿಲ್ಲ.

ಶನಿವಾರ ಶಾಲೆಯಿಂದ ಬಂದು ಊಟ ಮಾಡಿ ಮಿಡತೆ ಗುಂಡನ ಜಾಗದಲ್ಲಿ ಮಲಗಿದಳು. ಸೆಕೆ ಇಲ್ಲ ಎನ್ನುವ ಹಾಗಿರಲಿಲ್ಲ. ಆದರೆ ಮುಖ ಉರಿಯುತ್ತಿರಲಿಲ್ಲ. ಫ್ಯಾನಿನ ಗಾಳಿ ಗಾಳಿಯಂತೆಯೇ ಇತ್ತು. ನಿದ್ದೆ ಬರುತ್ತದೋ ಇಲ್ಲವೋ ನೋಡೋಣ ಎಂದು ಕಣ್ಣು ಮುಚ್ಚಿದಳು. ನೋಡುತ್ತಲೇ ಇರಬೇಕು, ಮರೆಯಬಾರದು, ಗುಂಡ ಗೋಡೆ ಹಿಡಿದು...

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಎದುರು ಗೋಡೆಗೆ ಹೋಗಿತ್ತು. ಕೆನ್ನೆಯ ಮೇಲೆ ನೆಲದ ಗೆರೆ ಮೂಡಿತ್ತು. ಅಪ್ಪ ಹೊಸ್ತಿಲಲ್ಲಿ ಸದ್ದಿಲ್ಲದೆ ಕೂತಿದ್ದ. ಕೆಲಸದ ಚೀಲ ಇನ್ನೂ ಹೆಗಲ ಮೇಲೇ ಇತ್ತು.

“ನಾನು ಬಂದೇ ಒಂದು ಗಂಟೆ ಆಯ್ತು” ಎಂದು ಪಿಸುಗುಟ್ಟಿದ. “ಗೊರಕೆ ಬೇರೆ ಹೊಡೀತಿದ್ದೆ.”

“ಸುಳ್ಳು!”

“ಆಣೆಗೂ.”

ಮಿಡತೆ ಗಣಿತದ ಪುಸ್ತಕ ತೆಗೆದಳು. ಹಳೇ ಕಾಗದ ಓದಿದಳು. ‘ಇವತ್ತು ನಂಗೆ ನಿದ್ದೆ ಬಂತು.’ ಅದೇ ಸಾಲು ಈಗ ನಿಜವಾಗಿತ್ತು. ಆದರೂ ಅದನ್ನು ಬಿಟ್ಟು ಹೊಸ ಹಾಳೆ ತೆಗೆದುಕೊಂಡಳು. ‘ಅಮ್ಮ, ಇವತ್ತು ಮೂರು ಗಂಟೆಗೆ ಮಲಗಿದೆ. ಎದ್ದಾಗ ಐದಾಗಿತ್ತು. ಸೆಕೆ ಇದೆ, ಆದರೆ ಉರಿ ಇಲ್ಲ. ತಾರಸಿ ಬಿಳಿ ಆಗಿದೆ. ಗುಂಡ ನಡೆಯೋಕೆ ಮುಂಚೆ ಬಂದರೆ ಒಳ್ಳೇದು. ಅವನು ಆಗಲೇ ನಡೆದಿದ್ದರೂ ಪರವಾಗಿಲ್ಲ, ಬನ್ನಿ.’

ಟಾರಿನ ವಿಷಯ ಬರೆಯಲೋ ಬೇಡವೋ ಎಂದು ಪೆನ್ನು ಕಚ್ಚಿದಳು. ಬರೆಯಲಿಲ್ಲ. ಹಾಳೆ ಮಡಿಸಹೊರಟಾಗ ಅಪ್ಪ ಕೈ ಚಾಚಿದ.

“ಕೊಡು, ನಂದೂ ಒಂದು ಸಾಲು.”

ಅಪ್ಪ ಗೋಡೆಗಳ ಮೇಲೆ ಅಕ್ಷರ ಬರೆದಷ್ಟು ಹಾಳೆಯ ಮೇಲೆ ಬರೆದವನಲ್ಲ. ದಪ್ಪ ದಪ್ಪ ಅಕ್ಷರಗಳಲ್ಲಿ, ನಾಲಿಗೆ ತುದಿ ಹೊರಗಿಟ್ಟುಕೊಂಡು ಬರೆದ: ‘ಉರಿ ನಾನು ಬಳಿದ ಟಾರಿನದೇ ಆಗಿತ್ತು. ಕಂಡುಹಿಡಿದದ್ದು ಮಗಳು. ಇಲ್ಲಿ ನೀವಿಬ್ಬರೂ ಇಲ್ಲದೆ ಚೆನ್ನಾಗಿಲ್ಲ.’

ಮಿಡತೆ ಅದನ್ನು ಓದಿದಳು. ಅಪ್ಪನ ಕೈಯನ್ನು, ಬೊಬ್ಬೆ ಒಣಗಿ ಗಟ್ಟಿಯಾದ ಆ ಅಂಗೈಯನ್ನು ಒಮ್ಮೆ ಹಿಡಿದು ಬಿಟ್ಟಳು. ಹಾಳೆಯನ್ನು ಅಮ್ಮ ಕೊಟ್ಟಿದ್ದ ಕವರಿಗೆ ಹಾಕಿ, ಅಂಟು ಹಚ್ಚಿ ಒತ್ತಿದಳು.

ಬೀದಿ ತುದಿಗೆ ಓಡಿದಳು. ಇಡೀ ಹಗಲು ಬಿಸಿಲಿಗೆ ನಿಂತಿದ್ದ ಅಂಚೆ ಡಬ್ಬಿ ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಅವಳು ಕಾಗದವನ್ನು ಅದರ ಬಾಯಿಗೆ ಹಿಡಿದು, ಒಂದು ಗಳಿಗೆ ನಿಂತು, ಕೈ ಬಿಟ್ಟಳು.

ಅದು ಒಳಗೆ ಬಿದ್ದ ಸದ್ದು ಕೇಳಿಸಿತು.