ಕೂತರೆ ಕೂಗುವ ಕಣ್ಣು

ಅಲಾರಂ ಕೂಗಿತು. ಮದ್ದೂರಿನ ಉಡುಪು ಕಾರ್ಖಾನೆಯ ಕ್ಯಾಮೆರಾ ಪರದೆಯ ಮೇಲೆ ಕೆಂಪು ಚೌಕದೊಳಗೆ ಸಿಕ್ಕಿಬಿದ್ದವಳು ಜಯಶೀಲಾ. ಹೊಲಿಯುವ ಕೆಲಸವೆಲ್ಲ ಯಂತ್ರಗಳ ಪಾಲಾಗಿ ಎಷ್ಟೋ ವರ್ಷವಾಗಿತ್ತು. ಹೊಲಿಗೆಯ ತಪ್ಪು ಹುಡುಕುವುದಕ್ಕೆ ಮಾತ್ರ ಇನ್ನೂ ಅವಳಂಥ ಹೆಂಗಸರ ಕಣ್ಣೇ ಬೇಕಿತ್ತು. ಅವಳು ಮಾಡಿದ ಅಪರಾಧವೆಂದರೆ ಬಟ್ಟೆಯ ಮೂಟೆಯ ಮೇಲೆ ಒಂದು ಗಳಿಗೆ ಕೂತದ್ದು.

ಈ ಅಲಾರಂ ಡಾ. ಸಿಂಚನಾಳ ಆವಿಷ್ಕಾರ. ಹಿಂದೆಲ್ಲ ಕ್ಯಾಮೆರಾಗಳಿಗೆ ಇಂಥ ಗೆರೆ ದಾಟಿದರೆ ಕೂಗು, ಇಂಥ ಬಾಗಿಲು ತೆರೆದರೆ ಕೂಗು ಎಂದು ಒಂದೊಂದನ್ನೂ ಹೇಳಿಕೊಡಬೇಕಿತ್ತು. ಇದಕ್ಕೆ ಒಂದು ವಾರದ ದೃಶ್ಯ ತೋರಿಸಿದರೆ ಸಾಕು; ಅಲ್ಲಿನ ವಾಡಿಕೆಯನ್ನು ತಾನೇ ಕಲಿತು, ವಾಡಿಕೆ ತಪ್ಪಿದಾಗ ಕೂಗುತ್ತದೆ. ಕಳ್ಳತನ, ಬೆಂಕಿ ತಡೆದು ಹೆಸರು ಮಾಡಿತ್ತು. ಈಗ ಊರೂರು ಅಲೆದು ಅದರ ತಂಟೆ ಬಗೆಹರಿಸುವುದೇ ಸಿಂಚನಾಳ ಪಾಡಾಗಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದಂತೆ. ಅವಳಿಗೆ ಆ ಮುದ್ದೂ ಬತ್ತಿಹೋಗಿತ್ತು.

“ಇದು ಮೂರನೇದು ಮೇಡಂ,” ಎಂದ ಅವಳನ್ನು ಮದ್ದೂರಿಗೆ ಕರೆಸಿದ್ದ ಮ್ಯಾನೇಜರ್ ನಿಶ್ಚಲ್. “ಮೂರು ಅಲಾರಂ ಆದ್ರೆ ಕೆಲಸದಿಂದ ತೆಗೀಬೇಕು, ರೂಲ್ಸು. ಈಯಮ್ಮ ಯಂತ್ರದ್ದೇ ತಪ್ಪು ಅಂತಾರೆ. ಯಂತ್ರ ಸರಿ ಇದೆ ಅಂತ ನೀವೊಂದು ಮಾತು ಹೇಳಿಬಿಡಿ.”

“ನಾನೇನ್ ಕದ್ದಿದ್ನಾ ಮೇಡಂ?” ಜಯಶೀಲಾಳ ದನಿಯಲ್ಲಿ ಜಗಳವಾಡುವಷ್ಟೂ ಕಸುವಿರಲಿಲ್ಲ. “ಮಂಡಿ ನೋಯ್ತಿತ್ತು, ಕುಂತ್ಕಂಡೆ. ಬೆಳಗ್ಗಿಂದ ನಿಂತೇ ಇದ್ನಲ್ಲ, ಆವಾಗ ಯಾಕೆ ಕೂಗ್ನಿಲ್ಲ ಇದು?”

ಓಡಾಡಿ ಓಡಾಡಿ ಸಿಂಚನಾಳ ಮಂಡಿಯೂ ಹಿಡಿದುಕೊಂಡಿತ್ತು. ಅದೇ ಮೂಟೆಯ ಮೇಲೆ ಕುಸಿದು ಕೂತಳು. ಅಲಾರಂ ತನ್ನನ್ನು ಹೆತ್ತವಳ ಮೇಲೂ ಕೂಗಿತು. ಜಯಶೀಲಾ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು. ಸಿಂಚನಾಗೆ ನಾಚಿಕೆಯಾಯಿತು.

“ಯಂತ್ರ ಸರಿ ಇದೆ, ನಿಂತವರನ್ನೇ ನೋಡಿ ಕಲಿತ ಪಾಠ ಸರಿ ಇಲ್ಲ,” ಎಂದಳು. “ಒಂದು ವಾರ ಹೊಸದಾಗಿ ಕಲಿಸಬೇಕು. ಆ ವಾರ ಎಲ್ಲರಿಗೂ ಸ್ಟೂಲ್ ಕೊಡಿ. ಇವರ ಮೂರೂ ಅಲಾರಂ ಲೆಕ್ಕಕ್ಕಿಲ್ಲ.”

“ಸ್ಟೂಲ್ ಯಾಕೆ ಮೇಡಂ?”

“ಅಲಾರಂ ಹೊಂದಿಸೋಳು ನಾನು ತಾನೇ?”

ನಿಶ್ಚಲ್ ಗೊಣಗುತ್ತಲೇ ಸ್ಟೂಲು ತರಿಸಿದ.

ವಾರ ಕಳೆದ ಮೇಲೆ ಸಿಂಚನಾ ಮೈಸೂರಿನ ಸೀರೆ ಅಂಗಡಿಯೊಂದರಲ್ಲಿ ಕೂತಿದ್ದಾಗ ಅವನ ಫೋನು ಬಂತು. “ಕಲಿಕೆ ಮುಗೀತಲ್ಲ ಅಂತ ಸ್ಟೂಲ್ ಎಲ್ಲ ಎತ್ತಿಸಿದೆ ಮೇಡಂ. ಎಲ್ಲರೂ ಮೊದಲಿನ ಹಾಗೇ ನಿಂತು ಕೆಲಸ ಮಾಡ್ತಿದಾರೆ. ಆದ್ರೂ ಒಂದೇ ಸಮ ಕೂಗ್ತಿದೆ!”

“ನಿಂತಿದ್ದಾರಲ್ಲ, ಅದಕ್ಕೇ. ಸ್ಟೂಲ್ ವಾಪಸ್ ಹಾಕಿಸಿ, ಸುಮ್ಮನಾಗುತ್ತೆ.”

ಗೆದ್ದೆನೆಂದು ಅವಳಿಗೆ ಅನ್ನಿಸಲಿಲ್ಲ. ನಾಳೆ ಇನ್ಯಾರನ್ನಾದರೂ ಕರೆಸಿ ಅವನು ಯಂತ್ರಕ್ಕೆ ಹಳೆಯ ಪಾಠವನ್ನೇ ಹೇಳಿಸಿಯಾನು. ಅಲ್ಲಿಯವರೆಗಾದರೂ ಜಯಶೀಲಾ ಕೂತಿರಲಿ.

ಫೋನಿಟ್ಟು ತಲೆಯೆತ್ತಿದಳು. ಎದುರಿಗೆ ಅಂಗಡಿಯ ಹುಡುಗಿ ಇನ್ನೊಂದು ಸೀರೆ ಬಿಚ್ಚಿ ಹಿಡಿದು ನಿಂತಿದ್ದಳು. ಕೌಂಟರಿನ ಹಿಂದೆ ಕುರ್ಚಿಯೇ ಇರಲಿಲ್ಲ. ಹಬ್ಬ ಹಬ್ಬಕ್ಕೂ ಇಂಥ ಅಂಗಡಿಗಳಲ್ಲಿ ಆರಾಮಾಗಿ ಕೂತು ಸೀರೆ ಆರಿಸಿದವಳು ಸಿಂಚನಾ. ಅವಳೊಳಗೆ ಒಮ್ಮೆಯೂ ಯಾವ ಅಲಾರಮ್ಮೂ ಕೂಗಿರಲಿಲ್ಲ.

“ಎಷ್ಟು ಹೊತ್ತಿಂದ ನಿಂತಿದ್ದೀಯಮ್ಮ?” ಎಂದು ಕೇಳಿದಳು.

ಹುಡುಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಬೇರೆ ಬಣ್ಣ ತೋರಿಸ್ಲಾ ಮೇಡಂ?” ಎಂದಳು.